ನಿಮಗಿದು ಗೊತ್ತೆ? ಶ್ರೀರಂಗಪಟ್ಟಣದ ಕತ್ತಿಗೆ ಲಂಡನ್ನಿನಲ್ಲಿ ಕೂಗಿದ ಬೆಲೆ

1799ರ ಮಾರ್ಚ್ 27ರಂದು ಮಳವಳ್ಳಿ ಬಳಿ ನಡೆದ ಕಾಳಗದಲ್ಲಿ ಟಿಪ್ಪು ಸೇನೆ ಬ್ರಿಟಿಷರೆದುರು ಹಿಂದೆ ಸರಿಯಿತು. ಮೇ 4ಕ್ಕೆ ಶ್ರೀರಂಗಪಟ್ಟಣವೂ ಬಿತ್ತು. ಆಮೇಲೆ ನಡೆದದ್ದು ಲೂಟಿ.

ಅರಮನೆಯಲ್ಲಿ ಟಿಪ್ಪುವಿನ ಖಾಸಗಿ ಕೋಣೆಯಲ್ಲಿ ಸಿಕ್ಕ ಖಡ್ಗವೊಂದು ದಾಳಿಯ ಮುಂದಾಳು ಡೇವಿಡ್ ಬೇರ್ಡ್‌ಗೆ ಉಡುಗೊರೆಯಾಗಿ ಹೋಯಿತು. 2023ರ ಮೇ 23ರಂದು ಲಂಡನ್ನಿನ ಬೋನ್‌ಹ್ಯಾಮ್ಸ್ ಅದನ್ನು ಹರಾಜಿಗಿಟ್ಟಾಗ ಅಂದಾಜು ಬೆಲೆ 15ರಿಂದ 20 ಲಕ್ಷ ಪೌಂಡ್. ಕೂಗು ನಿಂತಾಗ ಅದು 1.4 ಕೋಟಿ ಪೌಂಡ್ ಮುಟ್ಟಿತ್ತು. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮೇಲೆ! ಟಿಪ್ಪು ಸಿಂಹಾಸನದ ಚಿನ್ನದ ಹುಲಿತಲೆಯೊಂದು 2009ರಲ್ಲಿ ಇದೇ ಸಂಸ್ಥೆಯಲ್ಲಿ 3,89,600 ಪೌಂಡ್‌ಗೆ ಹೋಗಿತ್ತು.

ಇಂಥ ವಸ್ತು ಯಾರ ಕೈಲಿತ್ತು, ಯಾರ ಕೈಗೆ ಹೋಯಿತು ಎಂಬ ದಾಖಲೆ ಗಟ್ಟಿಯಿದ್ದಷ್ಟೂ ಬೆಲೆ ಏರುತ್ತದೆ. ಅಮೆರಿಕದ ಬೇಸ್‌ಬಾಲ್ ಆಟಗಾರ ಬೇಬ್ ರೂತ್ ತೊಟ್ಟಿದ್ದ ಚರ್ಮದ ಕೈಗವಸು 2023ರಲ್ಲೇ 15 ಲಕ್ಷ ಡಾಲರ್ ದಾಟಿದ್ದೂ ಹೀಗೆಯೇ.

ಅಟ್ಟದಲ್ಲಿ ಮುತ್ತಜ್ಜನ ಕತ್ತಿ ಇಟ್ಟುಕೊಂಡವರು ಲಂಡನ್ ಕನಸು ಕಾಣಬೇಡಿ. ನೂರು ವರ್ಷ ದಾಟಿದ ಇಂಥ ಪುರಾತನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾಯ್ದೆ ನಿಷೇಧಿಸಿದೆ.