ಹೆಸರಿಲ್ಲದ ವೈರಸ್ ಮತ್ತು ಜಿಂಕೆ ಇಲಿ

ಕೆನಡಾದ ಕಾಡುಗಳಿಂದ ಮೆಕ್ಸಿಕೋದ ಒಣ ಬಯಲುಗಳವರೆಗೆ ಹರಡಿಕೊಂಡಿರುವ, ಇಪ್ಪತ್ತು ಗ್ರಾಂ ಆಸುಪಾಸು ತೂಗುವ, ಉಬ್ಬಿದ ಕಪ್ಪು ಕಣ್ಣುಗಳ ಒಂದು ಪುಟ್ಟ ಪ್ರಾಣಿಯನ್ನು ಅಮೆರಿಕದ ಜನ ‘ಜಿಂಕೆ ಇಲಿ’ ಎಂದು ಕರೆಯುವುದಕ್ಕೆ ಕಾರಣ ಅದರ ಮೈಬಣ್ಣ: ಬೆನ್ನು ಜಿಂಕೆಯ ಹಾಗೆ ಕಂದು, ಹೊಟ್ಟೆ ಮತ್ತು ಕಾಲುಗಳು ಬಿಳಿ. ಪೆರೊಮಿಸ್ಕಸ್ ಮ್ಯಾನಿಕ್ಯುಲೇಟಸ್ ಎಂಬುದು ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ವೈಜ್ಞಾನಿಕ ಹೆಸರು. ಇತ್ತೀಚಿನ ವರ್ಗೀಕರಣಕಾರರು ಇದನ್ನೇ ಹಲವು ಪ್ರಭೇದಗಳಾಗಿ ಒಡೆದಿದ್ದಾರೆ. ನೋಡಲು ಮನೆಯ ಸಣ್ಣಿಲಿಯಂತೆ ಕಂಡರೂ ಇವೆರಡರ ವಂಶಗಳು ಎರಡು ಕೋಟಿ ವರ್ಷಗಳಿಗೂ ಹಿಂದೆಯೇ ಬೇರೆಯಾದವು, ಹಾಗಾಗಿ ಜಿಂಕೆ ಇಲಿಗೆ ಹ್ಯಾಮ್‌ಸ್ಟರ್‌ನೊಂದಿಗಿರುವಷ್ಟು ನಂಟು ಮನೆಯ ಇಲಿಯೊಂದಿಗೆ ಇಲ್ಲ. ಈ ಅಂತರ ಕೇವಲ ಪಂಡಿತರ ಕುತೂಹಲದ ವಿಷಯವಲ್ಲ ಎಂಬುದು ಮುಂದೆ ತಿಳಿಯುತ್ತದೆ.

1993ರವರೆಗೆ ಈ ಇಲಿ ಜೀವವಿಜ್ಞಾನಿಗಳಿಗಷ್ಟೇ ಬೇಕಾದ ಪ್ರಾಣಿಯಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ನ್ಯೂ ಮೆಕ್ಸಿಕೋ, ಅರಿಜೋನಾ, ಕೊಲರಾಡೋ ಮತ್ತು ಯೂಟಾ ರಾಜ್ಯಗಳ ಗಡಿಗಳು ಒಂದೇ ಬಿಂದುವಿನಲ್ಲಿ ಕೂಡುವ ಒಣ ಪ್ರದೇಶದಲ್ಲಿ, ಮುಖ್ಯವಾಗಿ ನವಾಹೋ ಮೂಲನಿವಾಸಿಗಳ ಸೀಮೆಯಲ್ಲಿ, ಗಟ್ಟಿಮುಟ್ಟಾಗಿದ್ದ ಯುವಜನರು ಜ್ವರ ಮತ್ತು ಮೈಕೈ ನೋವಿನಿಂದ ಮಲಗಿ, ಕೆಲವೇ ದಿನಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಸಾಯತೊಡಗಿದರು. ಪ್ಲೇಗ್, ಫ್ಲೂ, ವಿಷಪ್ರಾಶನ ಎಂದು ಮೊದಲು ಬಂದ ಊಹೆಗಳೆಲ್ಲ ಪರೀಕ್ಷೆಯಲ್ಲಿ ಬಿದ್ದುಹೋದವು. ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದಲ್ಲಿ ರೋಗಿಗಳ ರಕ್ತವನ್ನು ಜಗತ್ತಿನ ನಾನಾ ವೈರಸ್‌ಗಳ ಎದುರಿಗಿಟ್ಟು ನೋಡಿದಾಗ, ಅದರಲ್ಲಿದ್ದ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ದೇಹವು ತಯಾರಿಸುವ ಪ್ರೋಟೀನುಗಳು, ಹಂಟಾವೈರಸ್ ಎಂಬ ಗುಂಪಿಗೆ ಸ್ಪಂದಿಸಿದವು. ಈ ಫಲಿತಾಂಶವನ್ನು ನಂಬುವುದು ಕಷ್ಟವಾಗಿತ್ತು, ಏಕೆಂದರೆ ಕೊರಿಯಾ ಯುದ್ಧದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಾಡಿದ, ಅಲ್ಲಿನ ಹಂಟಾನ್ ನದಿಯಿಂದ ಹೆಸರು ಪಡೆದ ಈ ಗುಂಪು ಏಷ್ಯಾ ಮತ್ತು ಯೂರೋಪಿನದೆಂದೂ ಅದು ಕೆಡಿಸುವುದು ಮೂತ್ರಪಿಂಡವನ್ನೆಂದೂ ವೈದ್ಯರು ಓದಿಕೊಂಡಿದ್ದರು. ಹಂಟಾವೈರಸ್‌ಗಳನ್ನು ದಂಶಕಗಳು ಹೊರುತ್ತವೆ ಎಂಬುದು ಆಗಲೇ ತಿಳಿದಿದ್ದರಿಂದ ಮುಂದಿನ ಹೆಜ್ಜೆ ಸ್ಪಷ್ಟವಿತ್ತು. ಬೇಸಿಗೆಯಲ್ಲಿ ಸುಮಾರು 1,700 ಸಣ್ಣ ಪ್ರಾಣಿಗಳನ್ನು ಬೋನಿಟ್ಟು ಹಿಡಿಯಲಾಯಿತು. ಸಿಕ್ಕ ಜಿಂಕೆ ಇಲಿಗಳಲ್ಲಿ ಶೇ. 30ರಷ್ಟರಲ್ಲಿ ಸೋಂಕಿನ ಗುರುತಿತ್ತು. ಆನುವಂಶಿಕ ವಸ್ತುವಿನ ಚೂರೊಂದನ್ನು ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸಿ ಓದುವ ಪಿಸಿಆರ್ ವಿಧಾನದಿಂದ, ಸತ್ತವರ ದೇಹದಲ್ಲಿದ್ದ ವೈರಸ್ಸೂ ಅವರ ಮನೆಯ ಸುತ್ತ ಸಿಕ್ಕ ಇಲಿಗಳಲ್ಲಿದ್ದ ವೈರಸ್ಸೂ ಒಂದೇ ಎಂದು ತೀರ್ಮಾನವಾಯಿತು.

ವೈರಸ್ ಎಲ್ಲಿಂದಲೋ ಹೊಸದಾಗಿ ಬಂದಿತ್ತೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು, ರೋಗದ ಕಲ್ಪನೆಯೇ ಇಲ್ಲದೆ ವರ್ಷಗಟ್ಟಲೆ ಇಲಿಗಳನ್ನು ಎಣಿಸುತ್ತ, ಅವುಗಳ ಅಂಗಾಂಶಗಳನ್ನು ಶೀತಲ ಪೆಟ್ಟಿಗೆಯಲ್ಲಿ ಕೂಡಿಡುತ್ತ ಬಂದಿದ್ದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಸಂಶೋಧಕರಿಂದ. ಇಂತಹ ಕೆಲಸಕ್ಕೆ ಹಣ ಕೇಳಿದರೆ ಹುಬ್ಬೇರಿಸುವವರೇ ಎಲ್ಲ ದೇಶಗಳಲ್ಲೂ ಹೆಚ್ಚು. ಆದರೆ ಆ ಹಳೆಯ ಅಂಗಾಂಶಗಳು 1993ಕ್ಕೂ ಮೊದಲೇ ವೈರಸ್ ಅಲ್ಲಿನ ಇಲಿಗಳಲ್ಲಿತ್ತೆಂದು ತೋರಿಸಿದರೆ, ಸೆವಿಯೆಟಾ ಎಂಬ ಸಂರಕ್ಷಿತ ಪ್ರದೇಶದ ಎಣಿಕೆಯ ದಾಖಲೆಗಳು ಬದಲಾದದ್ದು ಇಲಿಗಳ ಸಂಖ್ಯೆ ಎಂದು ತೋರಿಸಿದವು. ಶಾಂತ ಮಹಾಸಾಗರದ ನೀರು ಬಿಸಿಯೇರುವ ಎಲ್ ನಿನ್ಯೋ ವಿದ್ಯಮಾನದಿಂದಾಗಿ ಬರದ ನಾಡಿಗೆ ಸತತವಾಗಿ ಮಳೆ ಮತ್ತು ಹಿಮ ಸುರಿದು, ಹುಲ್ಲು, ಹುಳ, ಪಿನ್ಯೋನ್ ಎಂಬ ಪೈನ್ ಜಾತಿಯ ಮರದ ಬೀಜ ಎಲ್ಲವೂ ಯಥೇಚ್ಛವಾಗಿ, ಕೆಲವೆಡೆ ಇಲಿಗಳು ಹತ್ತು ಪಟ್ಟು ಹೆಚ್ಚಿದ್ದವು. ನವಾಹೋ ಹಿರಿಯರು ಇದನ್ನೇ ತಮ್ಮ ಮಾತಿನಲ್ಲಿ ಹೇಳಿದ್ದರು. ಮಳೆ ಹೆಚ್ಚಾಗಿ ಪಿನ್ಯೋನ್ ಬೀಜ ಸಮೃದ್ಧವಾದ ವರ್ಷಗಳಲ್ಲಿ ಹಿಂದೆಯೂ ಇಂತಹ ಸಾವುಗಳಾಗಿದ್ದವೆಂದೂ, ಇಲಿ ಹೊರಗಿನ ಲೋಕಕ್ಕೆ ಸೇರಿದ್ದು, ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದೆಂದೂ ಅವರ ಪರಂಪರೆ ಕಲಿಸಿತ್ತು. ಇಷ್ಟು ತಿಳಿದಿದ್ದ ಜನರ ಹೆಸರನ್ನೇ ಪತ್ರಿಕೆಗಳು ರೋಗಕ್ಕೆ ಅಂಟಿಸಿ ‘ನವಾಹೋ ಫ್ಲೂ’ ಎಂದು ಬರೆದದ್ದು ಆ ಕಾಲದ ಕ್ಷುದ್ರತನ. ಬಳಿಕ ವೈರಸ್‌ಗೆ ಅಲ್ಲಿನ ಕಣಿವೆಯೊಂದರ ಹೆಸರಿಡಲು ಹೊರಟಾಗ ಅದಕ್ಕೂ ವಿರೋಧ ಬಂದು, ಕೊನೆಗೆ ಅದು ‘ಸಿನ್ ನೋಂಬ್ರೆ’ ಆಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ‘ಹೆಸರಿಲ್ಲದ್ದು’.

ಇಲಿಯ ದೇಹದೊಳಗೆ ನಡೆಯುವುದು ಇನ್ನೂ ವಿಚಿತ್ರ. ಮಲೆನಾಡಿನ ಮಂಗನ ಕಾಯಿಲೆಯಲ್ಲಿ ಮಂಗಗಳು ಸತ್ತು ಬಿದ್ದು ಊರಿಗೆ ಮುನ್ಸೂಚನೆ ಕೊಡುತ್ತವೆ. ಜಿಂಕೆ ಇಲಿ ಅಂತಹ ಯಾವ ಸುಳಿವನ್ನೂ ಕೊಡುವುದಿಲ್ಲ. ಸೋಂಕು ತಗಲಿದ ಇಲಿ ಮೊದಲಿನಂತೆಯೇ ತಿಂದುಂಡು ಓಡಾಡುತ್ತ, ಮೂತ್ರ, ಹಿಕ್ಕೆ ಮತ್ತು ಜೊಲ್ಲಿನಲ್ಲಿ ವೈರಸ್ಸನ್ನು ಹೊರಹಾಕುತ್ತಿರುತ್ತದೆ. ಪರಸ್ಪರ ಕಚ್ಚಾಡುವ ಗಂಡುಗಳಲ್ಲಿ, ಅದರಲ್ಲೂ ಮೈಮೇಲೆ ಗಾಯದ ಕಲೆಗಳಿರುವವುಗಳಲ್ಲಿ, ಸೋಂಕು ಹೆಚ್ಚು. ಮನುಷ್ಯನಲ್ಲಾದರೋ ವೈರಸ್ ರಕ್ತನಾಳಗಳ ಒಳಗೋಡೆಯ ಕೋಶಗಳನ್ನು ಹೊಕ್ಕಾಗ, ವೈರಸ್ಸಿಗಿಂತ ಹೆಚ್ಚಾಗಿ ದೇಹದ ರಕ್ಷಣಾ ವ್ಯವಸ್ಥೆಯ ಅತಿರೇಕದಿಂದಲೇ ನಾಳಗಳು ಸೋರಿ ಶ್ವಾಸಕೋಶ ತುಂಬುತ್ತದೆ ಎಂದು ತಜ್ಞರು ಭಾವಿಸುತ್ತಾರೆ. ಇಲಿಯಲ್ಲಿ ಈ ಅತಿರೇಕಕ್ಕೆ ಕಡಿವಾಣ ಹಾಕುವ ‘ನಿಯಂತ್ರಕ ಟಿ ಕೋಶ’ಗಳು ಚುರುಕಾಗಿರುತ್ತವೆಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಚಿಸಿತು. ಇಂತಹ ಸಂಶೋಧನೆ ನಿಧಾನವಾಗಿ ಸಾಗುವುದಕ್ಕೆ ಮೇಲೆ ಹೇಳಿದ ವಂಶದ ಅಂತರವೇ ಒಂದು ಕಾರಣ: ಪ್ರಯೋಗಾಲಯದ ಬಿಳಿ ಇಲಿಗೆಂದು ತಯಾರಾದ ಪರೀಕ್ಷಾ ಸಾಮಗ್ರಿಗಳಲ್ಲಿ ಅನೇಕವು ಜಿಂಕೆ ಇಲಿಯ ಮೇಲೆ ಕೆಲಸ ಮಾಡುವುದಿಲ್ಲ. ಜೊತೆಗೆ, ಸೋಂಕಿತ ಜಿಂಕೆ ಇಲಿಗಳನ್ನು ಇಟ್ಟುಕೊಂಡು ಪ್ರಯೋಗ ನಡೆಸಲು ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯವೇ ಬೇಕು.

ರೋಗ ವಿರಳ. 1993ರಿಂದ 2022ರ ಕೊನೆಯವರೆಗೆ ಅಮೆರಿಕದಲ್ಲಿ ದಾಖಲಾದ ಹಂಟಾವೈರಸ್ ಪ್ರಕರಣಗಳು 864. ಆದರೆ ಉಸಿರಾಟಕ್ಕೆ ತೊಂದರೆಯಾಗುವ ಹಂತ ಮುಟ್ಟಿದವರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಉಳಿಯುವುದಿಲ್ಲ, ನಿರ್ದಿಷ್ಟ ಔಷಧವೂ ಇಲ್ಲ. 2012ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ತಂಗಿದ್ದ ಹತ್ತು ಮಂದಿಗೆ ಸೋಂಕು ತಗಲಿ ಮೂವರು ಸತ್ತಾಗ, ಚಳಿ ತಡೆಯಲೆಂದು ಎರಡು ಪದರದ ಗೋಡೆ ಕಟ್ಟಿದ್ದ ಡೇರೆಮನೆಗಳ ಪದರಗಳ ನಡುವೆ ಇಲಿಗಳು ಗೂಡು ಮಾಡಿದ್ದು ಕಂಡುಬಂತು. ಒಣಗಿದ ಹಿಕ್ಕೆಯ ಧೂಳು ಉಸಿರಿನೊಂದಿಗೆ ಒಳಹೋಗುವುದೇ ಅಪಾಯದ ಮುಖ್ಯ ದಾರಿಯಾದ್ದರಿಂದ, ಬಹುಕಾಲ ಮುಚ್ಚಿದ್ದ ಕೋಣೆಯನ್ನು ಪೊರಕೆಯಿಂದ ಗುಡಿಸದೆ, ಬಾಗಿಲು ಕಿಟಕಿ ತೆರೆದು ಗಾಳಿಯಾಡಿಸಿ, ಬ್ಲೀಚಿಂಗ್ ದ್ರಾವಣದಿಂದ ನೆನೆಸಿ ಒರೆಸಬೇಕೆಂದು ಆರೋಗ್ಯ ಇಲಾಖೆಗಳು ಹೇಳುತ್ತವೆ.

ಜಿಂಕೆ ಇಲಿ ಭಾರತದಲ್ಲಿಲ್ಲ, ಆದರೆ ಹಂಟಾವೈರಸ್‌ಗಳ ಚರಿತ್ರೆಯಲ್ಲಿ ದಕ್ಷಿಣ ಭಾರತಕ್ಕೊಂದು ಮೂಲೆಯಿದೆ. 1964ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಹಿಡಿದ ಮೂಗಿಲಿಯೊಂದರಿಂದ, ಅಂದರೆ ಚೂಪು ಮೂತಿಯ, ಕಟು ವಾಸನೆ ಸೂಸುವ, ನಿಜದಲ್ಲಿ ಇಲಿಯೇ ಅಲ್ಲದ ಕೀಟಾಹಾರಿಯಿಂದ, ತೊಟ್ಟಪಾಳಯಂ ಎಂಬ ವೈರಸ್ಸನ್ನು ಬೇರ್ಪಡಿಸಲಾಗಿತ್ತು. ಅದು ಮನುಷ್ಯರಲ್ಲಿ ರೋಗ ತರುತ್ತದೆಂದು ಸಾಬೀತಾಗಿಲ್ಲ. ಹಂಟಾನ್ ನದಿಯ ವೈರಸ್ ಪತ್ತೆಯಾಗುವುದಕ್ಕೆ ಹತ್ತು ವರ್ಷಕ್ಕೂ ಮೊದಲೇ ಅದು ಕೈಗೆ ಸಿಕ್ಕಿತ್ತಾದರೂ, ಹಂಟಾವೈರಸ್ ಎಂಬ ಪದವೇ ಆಗ ಹುಟ್ಟಿರಲಿಲ್ಲವಾದ್ದರಿಂದ, ಯಾವ ಗುಂಪಿಗೂ ಸೇರದ ಮಾದರಿಯಾಗಿ ಎರಡು ದಶಕಗಳ ಕಾಲ ಉಳಿದುಕೊಂಡಿತ್ತು.