ಉಸಿರಿನ ದಾರಿಯ ಔಷಧ: ಹೊಗೆಯಿಂದ ಸೂಕ್ಷ್ಮಹನಿಯವರೆಗೆ

ಉಸಿರಿನ ಮೂಲಕ ಔಷಧ ನೀಡುವ ಕ್ರಮ ಜನಪದ ವೈದ್ಯಕ್ಕೆ ಹೊಸದಲ್ಲ. ಉಬ್ಬಸಕ್ಕೆ ದತ್ತೂರದ ಹೊಗೆ ಸೇದುವ ಪದ್ಧತಿಯು 1802ರಲ್ಲಿ ಮದರಾಸಿನಿಂದ ಬ್ರಿಟನ್ನನ್ನು ತಲುಪಿತು. ಉಬ್ಬಸದಲ್ಲಿ ಬಿಗಿಯುವುದು ಶ್ವಾಸನಾಳ. ದತ್ತೂರವು ಅದನ್ನು ಸಡಿಲಿಸುತ್ತದೆ. ಪಲ್ಮನರಿ ಫೈಬ್ರೋಸಿಸ್‌ನಲ್ಲಾದರೋ ನಾರುಗಟ್ಟಿ ಗಡುಸಾಗುವುದು ಅದರಾಚೆಯ ವಾಯುಕೋಶಗಳ ಗೋಡೆ. ಅಷ್ಟು ಆಳಕ್ಕಿಳಿಯಲು ಔಷಧದ ಕಣ ಸುಮಾರು 1ರಿಂದ 5 ಮೈಕ್ರಾನ್ ಗಾತ್ರದ್ದಾಗಿರಬೇಕು. ದೊಡ್ಡ ಕಣಗಳು ಬಹುಪಾಲು ಗಂಟಲಲ್ಲೇ ಉಳಿಯುತ್ತವೆ. ಆದ್ದರಿಂದ ನೆಬ್ಯುಲೈಸರ್ ಯಂತ್ರವು ದ್ರವೌಷಧವನ್ನು ಸೂಕ್ಷ್ಮಹನಿಗಳಾಗಿ ಒಡೆಯುತ್ತದೆ. ರೋಗಿಯು ನಿಧಾನವಾಗಿ, ಆಳವಾಗಿ ಉಸಿರೆಳೆಯಬೇಕಾಗುತ್ತದೆ. ಆದರೂ ಗಡುಸಾದ ಭಾಗಕ್ಕೆ ಗಾಳಿಯೇ ಕಡಿಮೆ ಹೋಗುವುದರಿಂದ ಔಷಧವು ಹೆಚ್ಚಾಗಿ ಸೇರುವುದು ರೋಗ ತಗುಲದ ಭಾಗವನ್ನೇ. ಈ ಚಿಕಿತ್ಸಾಕ್ರಮದ ಮುಖ್ಯ ತೊಡಕು ಇದೇ. ಜನಪದ ವೈದ್ಯವನ್ನು ದಾಖಲಿಸುವವರು ಈ ಭೇದವನ್ನೂ ದಾಖಲಿಸುವುದು ಅಗತ್ಯ: ದತ್ತೂರ ವಿಷಸಸ್ಯ, ನಾರುಗಟ್ಟಿದ ಶ್ವಾಸಕೋಶಕ್ಕೆ ಯಾವ ಹೊಗೆಯೂ ಮದ್ದಲ್ಲ, ಅಪಾಯ.