ಬಿಸಿಯಾದ ಕಾರು ಹಟ ಹಿಡಿದಾಗ



ನಿಮ್ಮಲ್ಲಿ ಕೆಲವರು ಅಜ್ಜನ ಕಾಲದ ಕಾರನ್ನು ಹೊರತೆಗೆದು, ಬಣ್ಣ ಹಚ್ಚಿಸಿ, ರವಿವಾರ ಓಡಿಸುತ್ತಿರುವುದನ್ನು ಕಂಡಿದ್ದೇನೆ. ಸಂತೋಷ. ಮೊನ್ನೆ ಸಂಘದ ಕಾರ್ಯಕ್ರಮ ಮುಗಿದ ಮೇಲೆ ಅಂಥದೇ ಒಂದು ಕಾರನ್ನು ನಾಲ್ವರು ತಳ್ಳುತ್ತಿದ್ದುದನ್ನೂ ಕಂಡೆ. ಮುಂಜಾನೆ ಒಂದೇ ಸಲಕ್ಕೆ ಚಾಲೂ ಆದ ಗಾಡಿ, ಹತ್ತು ನಿಮಿಷ ನಿಲ್ಲಿಸಿದ್ದಕ್ಕೆ ಯಾಕೆ ಹೀಗೆ ಹಟ ಮಾಡುತ್ತದೆ? ಕಾಕೂಗೆ ಇದೆಲ್ಲ ಏನು ಗೊತ್ತು ಎನ್ನಬೇಡಿ. ಇಂಗ್ಲಿಷ್ ಬಿ.ಎ. ಓದಿದ ನಾನು ಇದನ್ನು ಕಲಿತದ್ದು ಸ್ವಾರಗೇಟದ ಬಿಸಿಲಿನಲ್ಲಿ.

1996ರ ಮೇ ತಿಂಗಳು. ನಮ್ಮ ಅತ್ತೆಯವರ ಅಣ್ಣನಿಗೆ ಧಾರವಾಡದಲ್ಲಿ ಬಹಳ ಸೀರಿಯಸ್ ಎಂದು ಫೋನ್ ಬಂತು. ಮಧ್ಯಾಹ್ನವೇ ಕಾರಿನಲ್ಲಿ ಹೊರಟೆವು. ಸ್ವಾರಗೇಟದಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದ್ದೇ ತಪ್ಪಾಯಿತು, ಮತ್ತೆ ಚಾಲೂ ಆಗಲೇ ಇಲ್ಲ. ನಮ್ಮ ಯಜಮಾನರು "ಈಗ ಆಗ್ತದ, ಈಗ ಆಗ್ತದ" ಎನ್ನುತ್ತ ಕೀಲಿ ತಿರುವಿಯೇ ತಿರುವಿದರು. ಎದುರಿನ ಸ್ಟ್ಯಾಂಡಿನಿಂದ ಹುಬ್ಬಳ್ಳಿ ಬಸ್ಸು ಹೊರಟುಹೋಯಿತು. ಅತ್ತೆಯವರು ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಕಡೆಗೆ ಬ್ಯಾಟರಿಯೂ ಮಲಗಿತು.

ಆಗ ಒಬ್ಬ ರಿಕ್ಷಾದವನು ಬಂದು, "ವಹಿನಿ, ಗಾಡಿ ತಾಪಲಿಯ, ಜರಾ ಥಾಂಬಾ" ಎಂದ. ಬಾನೆಟ್ ಎತ್ತಿಸಿ, ಒದ್ದೆ ಬಟ್ಟೆಯನ್ನು ಪೆಟ್ರೋಲ್ ಪಂಪಿನ ಮೇಲೆ ಸುತ್ತಿದ. ಇಪ್ಪತ್ತು ನಿಮಿಷ ಬಿಟ್ಟು ತಳ್ಳಿದಾಗ ಮೊದಲ ಸಲಕ್ಕೇ ಚಾಲೂ! ಆದರೆ ಆ ಬ್ಯಾಟರಿ ನಂಬಿ ರಾತ್ರಿ ಘಾಟ್ ದಾಟುವ ಧೈರ್ಯವಾಗಲಿಲ್ಲ. ರಾತ್ರಿ ಬಸ್ಸಿಗೆ ಹೋದೆವು. ಮುಂಜಾನೆ ಧಾರವಾಡ ಮುಟ್ಟಿದಾಗ ಮಾವ ಹೋಗಿ ನಾಲ್ಕು ತಾಸಾಗಿತ್ತು.

ಆಗಿದ್ದು ಇಷ್ಟೇ. ಗಾಡಿ ಓಡುವಾಗ ಗಾಳಿ, ಫ್ಯಾನು, ತಿರುಗುವ ನೀರು ಎಲ್ಲ ಸೇರಿ ಎಂಜಿನ್ನನ್ನು ತಣ್ಣಗಿಡುತ್ತವೆ. ನಿಲ್ಲಿಸಿದ ಕೂಡಲೇ ಎಲ್ಲವೂ ನಿಲ್ಲುತ್ತವೆ, ಆದರೆ ಕಬ್ಬಿಣದೊಳಗಿನ ಕಾವು ಎಲ್ಲಿ ಹೋಗಬೇಕು? ಒಲೆ ಆರಿಸಿದ ಮೇಲೂ ಹಂಚಿನ ಮೇಲೆ ರೊಟ್ಟಿ ಸೀಯುವುದಿಲ್ಲವೇ, ಹಾಗೆ. ಪೆಟ್ರೋಲಿನ ಹಗುರ ಅಂಶ 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತದೆ. ಪದ್ಮಿನಿ, ಅಂಬಾಸಡರ್, ಹಳೆಯ ಕಾರ್ಬ್ಯುರೇಟರಿನ ಮಾರುತಿ 800, ಇವುಗಳಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದು ದ್ರವವನ್ನು ಎಳೆಯಬಲ್ಲದು, ಆವಿಯನ್ನು ಎಳೆಯಲಾರದು. ಇದಕ್ಕೆ ವೇಪರ್ ಲಾಕ್ ಎನ್ನುತ್ತಾರೆ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ಒತ್ತಡದಿಂದ ತಳ್ಳುವುದರಿಂದ ಈ ಕಾಟ ಅಪರೂಪ.

ಆದರೆ ಎಲ್ಲದಕ್ಕೂ ಒದ್ದೆ ಬಟ್ಟೆಯೇ ಮದ್ದಲ್ಲ. ಮೊದಲು ಕಿವಿ ಕೊಡಿ. ಸ್ಟಾರ್ಟರ್ ತಿರುಗದೇ ಟಕ್ ಎಂದರೆ, ಇಲ್ಲವೇ ಸೋಮಾರಿಯಂತೆ ತಿರುಗಿದರೆ, ಪೆಟ್ರೋಲಿನ ತಪ್ಪಲ್ಲ. ಬ್ಯಾಟರಿಯ ವಾಯರು, ಅರ್ಥಿಂಗ್, ಸ್ಟಾರ್ಟರ್ ಮೋಟಾರು ನೋಡಿಸಿ. ಚುರುಕಾಗಿ ತಿರುಗಿಯೂ ಹತ್ತದಿದ್ದರೆ ಮೂಗು ಬಳಸಿ. ಪೆಟ್ರೋಲ್ ವಾಸನೆ ಬಂತೋ, ಕಾರ್ಬ್ಯುರೇಟರಿನಲ್ಲಿ ಕುದ್ದ ಪೆಟ್ರೋಲ್ ಎಂಜಿನ್ನಿಗೆ ಹರಿದು ಫ್ಲಡ್ ಆಗಿದೆ. ಎಲ್ಲಿಂದಾದರೂ ತೊಟ್ಟಿಕ್ಕುತ್ತಿದೆಯೇ ನೋಡಿ. ಹನಿ ಕಂಡರೆ ಕೀಲಿ ಮುಟ್ಟಬೇಡಿ. ಇಲ್ಲದಿದ್ದರೆ ಸ್ವಲ್ಪ ತಡೆದು, ಚೋಕ್ ಎಳೆಯದೆ, ಎಕ್ಸಿಲೇಟರನ್ನು ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪಟಪಟ ಒತ್ತಬಾರದು, ಪ್ರತಿ ಸಲವೂ ಇನ್ನಷ್ಟು ಪೆಟ್ರೋಲ್ ಒಳಗೆ ಚಿಮ್ಮುತ್ತದೆ. ನಮ್ಮವರು ಮಾಡಿದ್ದೂ ಅದನ್ನೇ. ಗಂಡಸರಿಗೆ ಇದು ಹೇಳಿದರೆ ತಿಳಿಯುವುದಿಲ್ಲ!

ವಾಸನೆಯೇ ಇಲ್ಲವೆಂದರೆ ವೇಪರ್ ಲಾಕ್ ಇರಬಹುದು. ಬಾನೆಟ್ ತೆರೆದು ಇಪ್ಪತ್ತು ನಿಮಿಷ ಸುಮ್ಮನೆ ಕೂಡ್ರಿ. ಒದ್ದೆ ಬಟ್ಟೆ ಪಂಪಿಗೆ, ಪೆಟ್ರೋಲ್ ನಳಿಕೆಗೆ ಮಾತ್ರ. ಕಾದ ಎಂಜಿನ್ನಿನ ಮೇಲೆ ನೀರು ಸುರಿದರೆ ಸೀಳು ಬಿಟ್ಟೀತು, ಡಿಸ್ಟ್ರಿಬ್ಯೂಟರಿಗೆ ನೀರು ತಾಕಿದರೆ ಇನ್ನೊಂದು ರಗಳೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನಂತೂ ಮುಟ್ಟಲೇಬೇಡಿ.

ಪ್ರತಿ ಸಲವೂ ಕಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಸರಿಹೋಗುವ ಗಾಡಿಯಲ್ಲಿ ಇಗ್ನಿಷನ್ ಕಾಯಿಲ್ ಅಥವಾ ಕಂಡೆನ್ಸರ್ ಸೋತಿರಲೂಬಹುದು. ಕೆಟ್ಟಿರುವಾಗಲೇ ಪ್ಲಗ್ಗಿನಲ್ಲಿ ಕಿಡಿ ಬರುತ್ತದೆಯೇ ಎಂದು ಮೆಕ್ಯಾನಿಕ್ಕಿಗೆ ತೋರಿಸಬೇಕು. ತಣ್ಣಗಾದ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ "ಎಲ್ಲಾ ಸರಿ ಐತಲ್ರೀ" ಎಂದು ಕಳಿಸುತ್ತಾರೆ.

ಇನ್ನೊಂದು ಮಾತು ನಿಮ್ಮ ಕಾಲದ್ದು. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್ ಬಂದಿದೆ. ಹಳೆಯ ರಬ್ಬರ್ ನಳಿಕೆಗಳು ಅದಕ್ಕೆ ಮಾಡಿದವಲ್ಲ, ಮೆತ್ತಗಾಗಿ ಸೋರುತ್ತವೆ. ಎಥೆನಾಲ್ ತಾಳುವ ನಳಿಕೆ ಹಾಕಿಸಿ, ಎಕ್ಸಾಸ್ಟಿನಿಂದ ದೂರ ಹಾಯಿಸಲು ಹೇಳಿ.

ಕಾತ್ರಜ ಘಾಟ್ ಹತ್ತಿ ಚಹಾಕ್ಕೆ ನಿಲ್ಲುವಾಗ ಒಂದೆರಡು ನಿಮಿಷ ಎಂಜಿನ್ ನಿಧಾನಕ್ಕೆ ನಡೆಸಿ ಆಮೇಲೆ ಆರಿಸಿ. ನೆರಳು ನೋಡಿ ನಿಲ್ಲಿಸಿ, ಬಾನೆಟ್ ಎತ್ತಿಡಿ. ಅವಸರದ ಊರಿಗೆ ಹೊರಟಿದ್ದರೆ ಮಾತ್ರ ಕಾಕೂ ಹೇಳುತ್ತಾಳೆ, ಎದುರಿಗೆ ಬಸ್ಸು ನಿಂತಿದ್ದರೆ ಮೊದಲು ಅದನ್ನು ಹತ್ತಿ. ಕಾರನ್ನು ಆಮೇಲೆ ನೋಡಿದರಾಯಿತು.